ಮೆಲ್ಲಗೆ ಹುಡುಕುವ ಇಲಾಖೆ

ಆಕಾಶದಲ್ಲಿ ಬುದ್ಧಿವಂತರು ಇದ್ದಾರೆಯೇ ಎಂದು ಪತ್ತೆಹಚ್ಚಲು ಸ್ಥಾಪಿತವಾದ ನಮ್ಮ ಇಲಾಖೆ, ಯಾರೂ ಇಲ್ಲವೆಂಬ ವರದಿಯನ್ನು ಪ್ರತಿ ವರ್ಷ ಕಾಲಕ್ಕೆ ಸರಿಯಾಗಿ ಸಲ್ಲಿಸುತ್ತಿತ್ತು. ಅದನ್ನು ಟೈಪು ಮಾಡುತ್ತಿದ್ದವನು ನಾನೇ ಆದ್ದರಿಂದ ಈ ಮಾತನ್ನು ನೀವು ನಂಬಬಹುದು.

ಹೀಗಿರಲು ಒಂದು ಮಂಗಳವಾರ ಊಟದ ಹೊತ್ತಿನಲ್ಲಿ ಆಕಾಶದಿಂದ ಸಂಕೇತ ಬಂತು. ಹೆಡ್‌ಫೋನಿನ ಕೆಳಗೇ ಕೂದಲು ನರೆಸಿಕೊಂಡಿದ್ದ ನಮ್ಮ ಕಿವಿಯಕ್ಕ, ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಹಾಕಿ ನಿರ್ದೇಶಕರ ಕೋಣೆಗೆ ನಡೆದಳು. ಇಡೀ ಕಚೇರಿ ಬಾಗಿಲಿಗೆ ಕಿವಿಯಿಟ್ಟಿತು. ಕೇಳುವುದೇ ನಮ್ಮ ಕಸುಬು ತಾನೆ.

“ಸಾರ್, ಸಿಕ್ಕಿದ್ದಾರೆ. ಮೇಲಿನವರು.”

ನಿರ್ದೇಶಕರು ಗಡಬಡಿಸಿ ಎದ್ದು ಅಂಗಿಯ ಗುಂಡಿ ಹಾಕಿಕೊಂಡರು. ಮಂತ್ರಿಗಳಲ್ಲ, ನಕ್ಷತ್ರದವರು ಎಂದು ತಿಳಿದ ಮೇಲೆ ಗುಂಡಿ ಬಿಚ್ಚಿ ಕುಳಿತು, ನಿಯಮ ಏಳನ್ನು ಓದಿದರು: ‘ಹುಡುಕುತ್ತಿರುವುದು ಸಿಕ್ಕಿದ ಕೂಡಲೇ ಇಲಾಖೆಯನ್ನು ಮುಚ್ಚತಕ್ಕದ್ದು, ಸಿಬ್ಬಂದಿ ಮನೆಗೆ ಹೋಗತಕ್ಕದ್ದು.’

“ಇದಕ್ಕೇ ಅಂತ ಜೀವಮಾನವೆಲ್ಲ ಕಾದಿದ್ದೀನಿ ಸಾರ್.”

“ಕಾಯಮ್ಮ, ಬೇಡ ಅಂದವರ್ಯಾರು? ಸಂಬಳ ಕೊಡೋದೇ ಕಾಯೋದಕ್ಕೆ. ಸಿಗೋದಕ್ಕಲ್ಲ.”

ಅಂದೇ ಪ್ರಕಟಣೆ ಹೊರಬಿತ್ತು: ‘ಕಚೇರಿಯಲ್ಲಿ ಕೇಳಿಬಂದ ಸದ್ದು ಫ್ಯಾನಿನದು. ಸದರಿ ಫ್ಯಾನನ್ನು ಯಾರೂ ರಿಪೇರಿ ಮಾಡಕೂಡದು.’ ನಮ್ಮಲ್ಲಿ ಫ್ಯಾನೇ ಇರಲಿಲ್ಲ. ಪ್ರಕಟಣೆಯ ಮರ್ಯಾದೆ ಉಳಿಯಲೆಂದು ಒಂದನ್ನು ತಂದು ತೂಗುಹಾಕಿದೆವು.

ಸಂಕೇತ ಮಾತ್ರ ದಿನವೂ ಬಂತು. ಕಿವಿಯಕ್ಕನೂ ಹಟ ಬಿಡಲಿಲ್ಲ. ಯಾರೊಂದಿಗೂ ಮಾತಿಲ್ಲ, ಚಹಾಕ್ಕೂ ಏಳುವುದಿಲ್ಲ. ಇವಳು ಅರ್ಥ ಬಿಡಿಸಿದರೆ ನಮ್ಮೆಲ್ಲರ ಅನ್ನಕ್ಕೆ ಕಲ್ಲು ಬಿತ್ತೆಂದು ನಾವು ಅವಳ ಪೆನ್ಸಿಲುಗಳನ್ನು ಬಚ್ಚಿಟ್ಟು ನೋಡಿದೆವು. ಅವಳು ಕಾಡಿಗೆಯಲ್ಲಿ ಬರೆದಳು. ಕೊನೆಗೊಂದು ದಿನ ಎಲ್ಲರನ್ನೂ ಕೂರಿಸಿ, ನಕ್ಷತ್ರದವರ ಮಾತನ್ನು ಓದಿ ಹೇಳಿದಳು:

“ನಾವೂ ಹುಡುಕುವ ಇಲಾಖೆಯವರೇ. ನೀವಿರೋದು ನಮಗೆ ಯಾವತ್ತೋ ಗೊತ್ತು, ಯಾರಿಗೂ ಹೇಳಿಲ್ಲ. ನಿಮ್ಮ ಹುಡುಕುವ ಯಂತ್ರದ ಸದ್ದು ನಮ್ಮ ಸಾಹೇಬರವರೆಗೂ ಹೋಗ್ತಿದೆ. ಸ್ವಲ್ಪ ಮೆಲ್ಲಗೆ ಹುಡುಕಿ. ನಮಗೂ ಮಕ್ಕಳುಮರಿ ಇವೆ.”

ಯಾರೋ ಎದ್ದು ಫ್ಯಾನಿನ ವೇಗ ತಗ್ಗಿಸಿದರು. ಕಿವಿಯಕ್ಕ ಕಾಗದ ಮಡಚಿದಳು.

“ಬುದ್ಧಿವಂತರೇ ಸಾರ್,” ಎಂದಳು.

“ಅದರಲ್ಲಿ ಅನುಮಾನವೇ ಇಲ್ಲ,” ಎಂದರು ನಿರ್ದೇಶಕರು, ಕಣ್ಣೊರೆಸಿಕೊಳ್ಳುತ್ತ.

ಕಿವಿಯಕ್ಕನಿಗೆ ಬಡ್ತಿಯಾಯಿತು. ಈಗ ಆಕೆ ಏನೂ ಕೇಳಿಸದ ವಿಭಾಗದ ಮುಖ್ಯಸ್ಥೆ. ಊಟದ ಹೊತ್ತಿನಲ್ಲಿ ನಕ್ಷತ್ರದವರ ಮನೆಮಂದಿಯ ಯೋಗಕ್ಷೇಮ ವಿಚಾರಿಸುತ್ತಾಳೆ.

ಈ ವರ್ಷವೂ ವರದಿ ಟೈಪು ಮಾಡಿದೆ: ‘ಯಾರೂ ಪತ್ತೆಯಾಗಿಲ್ಲ. ಹುಡುಕಾಟ ಮುಂದುವರಿದಿದೆ.’ ಒಂದು ಸಲ ನಕ್ಷತ್ರದವರಿಗೂ ತೋರಿಸಿಬಿಡೋಣವೆಂದು ಕರಡನ್ನು ಮೇಲಕ್ಕೆ ಕಳಿಸಿದೆವು. ನಕ್ಷತ್ರಕ್ಕೆ ಬೆಳಕು ಹೋಗಿ ಬರಲು ವರ್ಷಗಟ್ಟಲೆ ಬೇಕು ಅನ್ನುತ್ತಾರೆ. ಕೆಲಸ ತುರ್ತಾಗಿದ್ದರೆ ಹಾಗೇನಿಲ್ಲ. ಮರುದಿನವೇ ಒಪ್ಪಿಗೆ ಬಂತು. ಜೊತೆಗೆ, ತಮ್ಮ ವರದಿಗೂ ಇದೇ ಒಕ್ಕಣೆ ಬಳಸಿಕೊಳ್ಳಬಹುದೇ ಎಂದು ಕೇಳಿದ್ದರು.

ಬಳಸಿಕೊಳ್ಳಿ ಎಂದೆವು.