‘ಸಾಕು’ ಎಂದರೆ ಬಾವುಟ ಮಲಗಿಸಿ

ನಮ್ಮ ಭಾವನಿಗೆ ಕನ್ನಡ, ಇಂಗ್ಲಿಷ್, ಜಪಾನಿ, ಅಲ್ಪಸ್ವಲ್ಪ ಡೇನಿಶ್ ಬರುತ್ತದೆ. ಆದರೆ ಈ ನಾಲ್ಕರಲ್ಲಿ ಯಾವುದರಲ್ಲೂ ‘ಸಾಕು’ ಎಂಬ ಮಾತು ಅವರಿಗೆ ಅರ್ಥವಾಗುವುದಿಲ್ಲ! ಮೊದಲ ‘ಸಾಕು’ ಸಂಕೋಚದ್ದು, ಎರಡನೆಯದು ಮರ್ಯಾದೆಯದು, ಮೂರನೆಯದಾದರೆ ಯೋಚಿಸೋಣ ಎಂಬುದು ಅವರ ಸಿದ್ಧಾಂತ. ಜಪಾನಿನ ಇಚಿಕಾವಾದಲ್ಲಿ ಅವರ ಪಕ್ಕದ ಮನೆಯಾಕೆ ಸಾತೋ ಸಾನ್ ಒಮ್ಮೆ ದೋಸೆಗೆ ಬಂದು, ಎರಡು ತಿಂದು, ‘ದೈಜೋಬು’ ಎಂದರು. ಬೇಡ ಎನ್ನಲು ಜಪಾನಿಯರ ಸಭ್ಯ ಮಾತು ಅದು. ಅದಕ್ಕೆ ‘ಪರವಾಗಿಲ್ಲ’ ಎಂಬ ಅರ್ಥವೂ ಇದೆಯಲ್ಲ, ಭಾವ ಅದನ್ನೇ ಹಿಡಿದುಕೊಂಡರು. ಏಳನೆಯ ದೋಸೆಯ ನಂತರ ಆಕೆ, ಪಾಪ, ಎರಡು ವಾರ ಅವರ ಬಾಗಿಲ ಮುಂದೆ ಹಾಯಲಿಲ್ಲ.

ಇಂಥವರು ಕೊರೋನಾ ಕಾಲದಲ್ಲಿ ಔತಣ ಕೊಡಲು ಹೊರಟರು. ಅಕ್ಕನಿಗೆ ಡಾಕ್ಟರೇಟ್ ಬಂದಿತ್ತು. ಜಪಾನಿಗೆ ಬರುವ ಮೊದಲು ಎರಡು ವರ್ಷ ಡೆನ್ಮಾರ್ಕಿನಲ್ಲಿದ್ದ ದೆಸೆಯಿಂದ ಭಾವ ಮಿನಾಟೋದ ಡೇನಿಶ್ ಸಾಂಸ್ಕೃತಿಕ ಕ್ಲಬ್ಬಿನ ಸದಸ್ಯರು, ಹಾಗಾಗಿ ಊಟ ಅಲ್ಲೇ ಎಂದಾಯಿತು. ನಾನೂ ಸೇರಿ ಹನ್ನೆರಡೇ ಜನ, ನಡುನಡುವೆ ಪ್ಲಾಸ್ಟಿಕ್ ಪರದೆ, ಉಣ್ಣುವಾಗ ಮಾತಾಡುವಂತಿಲ್ಲ. ಬೇಡ ಎಂದವರನ್ನು ಇನ್ನೊಮ್ಮೆ ಕೇಳುವುದೇ ನಮ್ಮವರ ಪ್ರೀತಿ. ಮಾತೇ ಇಲ್ಲದೆ ಉಪಚಾರ ಮಾಡುವುದು ಹೇಗೆ?

ಅಸಲಿ ಚಿಂತೆ ಬೇರೆಯೇ ಇತ್ತು. ಐದು ತಿಂಗಳ ಹಿಂದೆ ಬಂದುಹೋದ ಕೊರೋನಾ ಅಕ್ಕನಿಂದ ವಾಸನೆ, ರುಚಿ ಎರಡನ್ನೂ ಕೊಂಡೊಯ್ದಿತ್ತು. ಭಾವನ ಅಡುಗೆಯಲ್ಲಿ ಹುಳುಕು ಹುಡುಕುವುದರಲ್ಲಿ ಎತ್ತಿದ ಕೈಯಾಗಿದ್ದವಳು, ಈಗ ಏನು ಬಡಿಸಿದರೂ ಎರಡು ತುತ್ತು ತಿಂದು "ಚೆನ್ನಾಗಿದೆ, ಸಾಕು" ಎನ್ನುತ್ತಿದ್ದಳು. ಆ ‘ಚೆನ್ನಾಗಿದೆ’ ಕೇಳಿದಾಗಲೆಲ್ಲ ಭಾವನ ಮುಖ ಸಣ್ಣದಾಗುತ್ತಿತ್ತು. ಆ ಒಂದು ‘ಸಾಕು’ವನ್ನು ಮಾತ್ರ ಅವರು ಮೊದಲ ಸಲಕ್ಕೇ ನಂಬಿ ಸೌಟು ಕೆಳಗಿಡುತ್ತಿದ್ದರು.

ಡೇನರಿಗೆ ಸಂತೋಷದ ಊಟವೆಂದರೆ ಮೇಜಿನ ಮೇಲೆ ಪುಟ್ಟ ರಾಷ್ಟ್ರಧ್ವಜಗಳು ಇರಬೇಕು. ಭಾವನಿಗೆ ಉಪಾಯ ಸಿಕ್ಕಿತು. ತಟ್ಟೆಯ ಪಕ್ಕದ ಬಾವುಟ ನಿಂತಿದ್ದರೆ ‘ಹಾಕಿ’, ಮಲಗಿಸಿದರೆ ‘ಸಾಕು’ ಎಂದು ಊಟಕ್ಕೆ ಮೊದಲೇ ಸಾರಿದರು. ಕ್ಲಬ್ಬಿನ ಅಡುಗೆಮನೆಯಿಂದ ಆಲೂಗೆಡ್ಡೆ ಹೊತ್ತ ಕಪ್ಪು ಬ್ರೆಡ್ಡು ಬಂತು. ಮನೆಯಿಂದ ತಂದ ಅನ್ನ, ತಿಳಿಸಾರನ್ನು ಭಾವ ಮಾಸ್ಕು, ಕೈಗವಸು ತೊಟ್ಟು ತಾವೇ ಬಡಿಸಿದರು. ನಾನು ಬಾವುಟ ಮಲಗಿಸಿದೆ. ಅವರು ಅದನ್ನು ಎತ್ತಿ ನಿಲ್ಲಿಸಿ, ಅನ್ನ ಹಾಕಿ, ಮುಂದೆ ನಡೆದರು! ಎಲ್ಲರಿಗೂ ಅದೇ ಗತಿ. ತನ್ನ ದೇಶದ ಧ್ವಜದ ಮೇಲೆ ಇವರಿಗೆ ಇಷ್ಟು ಭಕ್ತಿಯೇ ಎಂದು, ಸಂಕೇತದ ಅರ್ಥ ತಿಳಿಯದೆ, ಕರಗಿದ ಕ್ಲಬ್ಬಿನ ಡೇನಿಶ್ ಮ್ಯಾನೇಜರ್ ತಾನೂ ಬಂದು, ಬಿದ್ದ ಬಾವುಟಗಳನ್ನೆಲ್ಲ ನೆಟ್ಟಗೆ ನಿಲ್ಲಿಸಿದ. ನಮಗೆಲ್ಲ ಇನ್ನೊಂದು ಸುತ್ತು ಬಿತ್ತು.

ಅಕ್ಕನ ಬಾವುಟ ಮೊದಲಿನಿಂದಲೂ ಮಲಗಿತ್ತು. ಮ್ಯಾನೇಜರ್ ಅದಕ್ಕೂ ಕೈಹಾಕಿದಾಗ ಭಾವ ಕೈ ಅಡ್ಡ ಹಿಡಿದು ತಡೆದರು. ಆಮೇಲೆ, ಕೇಳಲೋ ಬೇಡವೋ ಎಂಬಂತೆ, ಅವಳ ಬಟ್ಟಲಿಗೆ ಅರ್ಧ ಸೌಟು ಸಾರು ಹಾಕಿ ಪಕ್ಕದಲ್ಲೇ ನಿಂತರು.

ಬಟ್ಟಲನ್ನು ತುಟಿಗೆ ತಂದ ಅಕ್ಕ ಹಾಗೇ ತಡೆದಳು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದಳು. ಮಾತಾಡಬಾರದೆಂಬುದನ್ನೂ ಮರೆತು ಮೆಲ್ಲಗೆ ಹೇಳಿದಳು:

"ರೀ, ಇಂಗು ಜಾಸ್ತಿ ಆಯ್ತು."

ಭಾವನ ಮಾಸ್ಕು ಒದ್ದೆಯಾಗುತ್ತಿತ್ತು. ಅಕ್ಕ ತನ್ನ ಬಾವುಟವನ್ನು ತಾನೇ ಎತ್ತಿ ನಿಲ್ಲಿಸಿದಳು.