ಕೂರಲೊಂದು ಕುರ್ಚಿ

“ನಿನ್ನ ಹಿಂಭಾಗದಲ್ಲಿ ಮೂಳೆ ಜಾಸ್ತಿ, ಮಾಂಸ ಕಮ್ಮಿ. ಅದಕ್ಕೆ ಕೋಳಿ ಏನ್ ಮಾಡುತ್ತೆ ಪಾಪ,” ಎಂದ ಹೋಲಿಸ್ ಪ್ರೂಯಿಟ್. ದನದ ಮೇವು, ಬೇಲಿ ತಂತಿ, ಬೇಟೆ ಸಾಮಾನು ಎಲ್ಲ ಒಂದೇ ಸೂರಿನಡಿ ಮಾರುವ ತನ್ನ ಅಂಗಡಿಯಲ್ಲಿ ಅವನು ವರ್ಲಿನ್ ಟ್ಯಾಕೆಟ್‌ನನ್ನು ಸಂತೆಗೆ ಬಂದ ಕರುವನ್ನು ನೋಡುವ ಹಾಗೆ ಒಂದು ಸುತ್ತು ಹಾಕಿ ನೋಡಿದ.

ಬೆಳಗಿನ ಎಂಟು ಗಂಟೆಯಾಗಿತ್ತು, ವರ್ಲಿನ್‌ನ ಎಡಗಾಲಿಗೆ ಇನ್ನೂ ಪೂರ್ತಿ ಜೀವ ಬಂದಿರಲಿಲ್ಲ. ಮೇವಿನ ಮೂಟೆಯೊಂದನ್ನು ಹಿಡಿದುಕೊಂಡು ಒಂಟಿಕಾಲಿನ ಕೊಕ್ಕರೆಯಂತೆ ನಿಂತಿದ್ದ.

ಆಗಿದ್ದು ಇಷ್ಟು. ನಸುಕಿನಲ್ಲೇ ಅವನು ಐಡೆಲ್ಲಾ ಅಜ್ಜಿಯ ಗುಡ್ಡದ ಮೇಲೆ ಒಂದು ಓಕ್ ಮರಕ್ಕೆ ಬೆನ್ನು ಕೊಟ್ಟು, ಅದರ ಬೇರಿನ ಮೇಲೆ ಕೂತಿದ್ದ. ಕಾಡು ಟರ್ಕಿ ಕೋಳಿಯ ಬೇಟೆಯೆಂದರೆ ಅರ್ಧ ಕೋವಿಯ ಕೆಲಸ, ಉಳಿದರ್ಧ ಕುಂಡಿಯ ಕೆಲಸ. ಆ ಹಕ್ಕಿಗೆ ಮೂಗು ಲೆಕ್ಕಕ್ಕಿಲ್ಲ, ಆದರೆ ಕಣ್ಣು ಮಾತ್ರ ಹೊಸ ಸೊಸೆಯನ್ನು ಕಾಯುವ ಅತ್ತೆಯ ಕಣ್ಣು. ವರ್ಲಿನ್ ಒಂದೂಕಾಲು ಗಂಟೆ ಕಲ್ಲಾಗಿ ಕೂತ. ಹುಂಜ ಬಂತು. ನಲವತ್ತು ಹೆಜ್ಜೆ ದೂರದವರೆಗೂ ಬಂತು. ಅಷ್ಟು ಹೊತ್ತಿಗೆ ಓಕ್ ಮರದ ಬೇರಿಗೂ ಅವನ ಬೆನ್ನುಮೂಳೆಯ ತುದಿಗೂ ನಡೆಯುತ್ತಿದ್ದ ಜಗಳ ಸಹಿಸುವ ಮಟ್ಟ ದಾಟಿತ್ತು. ಒಂದೇ ಒಂದು ಅಂಗುಲ ಸರಿದ. ಮತ್ತೆ ನೋಡಿದರೆ ಹುಂಜ ನಿಂತಿದ್ದ ಜಾಗದಲ್ಲಿ ಬರಿಯ ಗಾಳಿ ಇತ್ತು.

ಬೇರೆ ವರ್ಷವಾಗಿದ್ದರೆ ನಕ್ಕು ಮನೆಗೆ ಹೋಗುತ್ತಿದ್ದ. ಈ ವರ್ಷ ಹಾಗಿರಲಿಲ್ಲ. ಐಡೆಲ್ಲಾ ಅಜ್ಜಿಯ ಗಂಡ ಲೆಸ್ಟರ್ ಬದುಕಿದ್ದಾಗಲೇ ಒಂದು ಕಟ್ಟಳೆ ಮಾಡಿದ್ದ. ಗುಡ್ಡಕ್ಕೆ ಹತ್ತುವುದು ಒಂದೇ ಕೋವಿ, ಎರಡನೆಯದಕ್ಕೆ ಜಾಗವಿಲ್ಲ. ಇಪ್ಪತ್ತೆರಡು ವಸಂತಗಳಿಂದ ಆ ಒಂದು ಕೋವಿ ವರ್ಲಿನ್‌ನದು. ಅದಕ್ಕೆ ಪ್ರತಿಯಾಗಿ ಅಜ್ಜಿಯ ಬೇಲಿ ಬಿಗಿದು ಕೊಡುತ್ತಿದ್ದ, ಚಳಿಗಾಲಕ್ಕೆ ಸೌದೆ ಸೀಳಿ ಕೊಡುತ್ತಿದ್ದ. ಅಮೆರಿಕದ ಆ ಓಝಾರ್ಕ್ ಗುಡ್ಡಸೀಮೆಯಲ್ಲಿ ಗಂಡಸಿಗೆ ಹೆಂಡತಿ ಬಿಟ್ಟು ಹೋದರೂ ಜನ ಸಮಾಧಾನ ಹೇಳುತ್ತಾರೆ, ಬೇಟೆಯ ಗುಡ್ಡ ಕೈತಪ್ಪಿದರೆ ಎದುರಿಗೆ ಬಂದವರೂ ಮುಖ ತಪ್ಪಿಸಿ ಹೋಗುತ್ತಾರೆ.

ಈ ಸಲ ಆ ಗುಡ್ಡಕ್ಕೆ ಒಂದು ರೌಡಿ ಹುಂಜ ಬಂದಿತ್ತು. ಮೊದಲು ಗುಡ್ಡದ ಬೇರೆ ಹುಂಜಗಳನ್ನೆಲ್ಲ ಬಡಿದು ಓಡಿಸಿತು. ಎದುರಾಳಿಗಳು ಮುಗಿದ ಮೇಲೆ ಅಜ್ಜಿಯ ಕಾರಿನ ಬಾಗಿಲಲ್ಲಿ ಇನ್ನೊಂದು ಹುಂಜ ಕಂಡಿತು. ತನ್ನದೇ ಬಿಂಬ ಎಂದು ಅದಕ್ಕೆ ಹೇಳುವವರು ಯಾರು? ಕುಕ್ಕಿ ಕುಕ್ಕಿ ಆ ಬಾಗಿಲನ್ನು ಕಮ್ಮಾರನ ಅಡಿಗಲ್ಲು ಮಾಡಿತು. ಅಜ್ಜಿ ಕಾರಿಗೆ ಹಳೇ ಕೌದಿ ಹೊದಿಸಿದಳು. ಆಮೇಲೆ ಅದು ಅಜ್ಜಿಯ ಮೇಲೇ ತಿರುಗಿತು. ಹನ್ನೊಂದು ದಿನದಿಂದ ಎಂಬತ್ತೊಂದರ ಮುದುಕಿ ಪೊರಕೆ ಹಿಡಿದರೂ ಅಂಗಳ ದಾಟಿ ರಸ್ತೆಬದಿಯ ಅಂಚೆಡಬ್ಬಿಯವರೆಗೆ ಹೋಗುವ ಹಾಗಿರಲಿಲ್ಲ.

ಹಿಂದಿನ ದಿನ ಅಜ್ಜಿ ಫೋನು ಮಾಡಿದ್ದಳು. “ನಾಳೆ ಒಂದು ಗಂಟೆ ತನಕ ನೋಡ್ತೀನಿ ವರ್ಲಿನ್. ಅದನ್ನ ಹೊಡ್ಯೋಕಾಗ್ಲಿಲ್ಲಾಂದ್ರೆ ಗುಡ್ಡ ರಾಯ್ಸ್‌ಗೆ. ತಪ್ಪು ತಿಳ್ಕೋಬೇಡ. ನಂಗೆ ಬರೋ ಕಾಗದ ನಾನು ಓದ್ಬೇಕು.”

ಒಂದು ಗಂಟೆ ಅಂದಿದ್ದಕ್ಕೆ ಕಾರಣವಿತ್ತು. ಆ ಕಡೆ ಟರ್ಕಿ ಬೇಟೆ ಮಧ್ಯಾಹ್ನ ಒಂದಕ್ಕೆ ಮುಗಿಯಬೇಕು, ಅದು ಕಾನೂನು. ಇನ್ನು ರಾಯ್ಸ್ ಎಂದರೆ ವರ್ಲಿನ್‌ನ ಹೆಂಡತಿ ಲೋರ್ನಾಳ ತಮ್ಮ. ಈಗ ಇದೇ ಅಂಗಡಿಯಲ್ಲಿ, ಜೋಳದ ಮೂಟೆಯ ಮೇಲೆ ಕಾಲಮೇಲೆ ಕಾಲು ಹಾಕಿ ಕಾಫಿ ಕುಡಿಯುತ್ತಿದ್ದವನು ಅವನೇ.

“ಬಾವ, ಮೂವತ್ತು ವರ್ಷ ಸ್ಕೂಲ್ ಬಸ್ ಓಡ್ಸಿದೀಯ,” ಎಂದ ರಾಯ್ಸ್. “ಕೂತ್ಕೊಳ್ಳೋದೇ ನಿನ್ನ ಕಸುಬು. ಕೂತ್ಕೊಳ್ಳೋಕೇ ಬರಲ್ಲ ಅಂದ್ರೆ ಹೆಂಗೆ?”

“ಬಸ್ಸಿನ ಸೀಟಿಗೆ ಸ್ಪ್ರಿಂಗ್ ಇತ್ತು,” ಎಂದ ವರ್ಲಿನ್. “ಹೋಲಿಸ್, ಹೊತ್ಕೊಂಡು ಹೋಗೋ ಅಂಥದ್ದು, ಅಲ್ಲಾಡದೆ ಕೂರೋ ಅಂಥದ್ದು ಏನಿದ್ರೂ ತೆಗಿ.”

ಅಲ್ಲಿಂದ ಅಂಗಡಿಯಲ್ಲಿ ಪರೀಕ್ಷೆ ಶುರುವಾಯಿತು. ಕೋವಿಯ ಬದಲು ಕೈಗೆ ಪೊರಕೆ ಕೊಟ್ಟು, ಮೊಳೆಡಬ್ಬಿಗಳ ಸಾಲಿನ ನಡುವೆ ವರ್ಲಿನ್‌ನನ್ನು ನೆಲಕ್ಕೆ ಕೂರಿಸಿದರು. ಹೋಲಿಸ್ ಗಡಿಯಾರ ನೋಡುತ್ತಿದ್ದ, ರಾಯ್ಸ್ ಹುಂಜನ ಪಾತ್ರ ವಹಿಸಿದ. ಮೊಳೆ ಕೊಳ್ಳಲು ಬಂದವರು ವರ್ಲಿನ್‌ನ ಕಾಲು ದಾಟಿಕೊಂಡು ಹೋಗುತ್ತ, ಕೇಳದಿದ್ದರೂ ತಮ್ಮ ಅಭಿಪ್ರಾಯ ಹೇಳಿ ಹೋದರು. ಸೊಂಟಕ್ಕೆ ಕಟ್ಟುವ ಮೆತ್ತೆ ಮೂರು ನಿಮಿಷಕ್ಕೆ ರೊಟ್ಟಿಯಾಯಿತು. ಮುಚ್ಚಳ ತಿರುಗುವ ಬಕೆಟ್ಟು ಆರಾಮಾಗಿತ್ತು, ಆದರೆ ಎತ್ತರ ಹೆಚ್ಚು. ಅದರ ಮೇಲೆ ಕೂತವನು ಟರ್ಕಿಯ ಕಣ್ಣಿಗೆ ಚರ್ಚಿನ ಗೋಪುರದಷ್ಟು ಕಾಣುತ್ತಾನೆ ಎಂದು ರಾಯ್ಸ್ ಸಾಧಿಸಿದ. ಮೂರು ಕಾಲಿನ ಮಣೆಯ ಮೇಲೆ ವರ್ಲಿನ್ ಒಂದು ಸಲ ಉಸಿರೆಳೆದ, ಉಸಿರು ಬಿಡುವುದರೊಳಗೆ ಬಣ್ಣದ ಡಬ್ಬಿಗಳ ನಡುವೆ ಅಂಗಾತ ಬಿದ್ದಿದ್ದ.

ಕೊನೆಗೆ ಹೋಲಿಸ್ ಒಳಗಿನಿಂದ ಒಂದು ಕುರ್ಚಿ ತಂದ. ಗೇಣುದ್ದದ ಕಾಲು, ದಪ್ಪ ಕ್ಯಾನ್ವಾಸಿನ ಒರಗು, ಮಡಿಸಿದರೆ ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ. ವರ್ಲಿನ್ ಕೂತ. ಬೆನ್ನುಮೂಳೆಗೆ ಯಾರೋ ಕ್ಷಮೆ ಕೇಳಿದ ಹಾಗಾಯಿತು. ಹತ್ತು ನಿಮಿಷ, ಹದಿನೈದು ನಿಮಿಷ. ರೆಪ್ಪೆ ಕೂಡ ಮಿಸುಕಲಿಲ್ಲ. ಹಿಂದಿನ ಕೋಣೆಯಲ್ಲಿ ಜೋಳ ಬೀಸುವ ಯಂತ್ರ ಗುಡುಗುತ್ತಿತ್ತು, ಅದರ ನಡುವೆಯೂ ಅವನಿಗೆ ಜೊಂಪು ಹತ್ತಿತು.

“ಒಂದೇ ಇರೋದು,” ಎಂದ ಹೋಲಿಸ್ ಯಂತ್ರದ ಸದ್ದಿನ ಮೇಲೆ ದನಿಯೇರಿಸಿ. “ಯಾರೋ ತಗೊಂಡು ಹೋಗಿ ವಾಪಸ್ ಕೊಟ್ಟಿದ್ದು.”

“ಯಾಕೆ ಕೊಟ್ಟ?” ಎಂದ ವರ್ಲಿನ್, ಕಣ್ಣುಜ್ಜಿಕೊಳ್ಳುತ್ತ.

“ಏನೋ ಹೇಳ್ದ. ಮಿಷನ್ ಓಡ್ತಿತ್ತು, ಕೇಳಿಸ್ಲಿಲ್ಲ.”

ಹತ್ತು ಗಂಟೆಗೆ ವರ್ಲಿನ್ ಅಜ್ಜಿಯ ಅಂಗಳದ ಅಂಚಿನಲ್ಲಿ ಪಿಕಪ್ ನಿಲ್ಲಿಸಿದ. ಅದು ಅವನದಲ್ಲ, ಲೋರ್ನಾಳದು. ತಂದು ಮೂರು ತಿಂಗಳಾಗಿರಲಿಲ್ಲ. ಹಿಂದಿನ ದಿನ ತಾನೇ ಅವಳು ಅದಕ್ಕೆ ಮೇಣ ಉಜ್ಜಿ, ಹಲ್ಲು ನೋಡಿಕೊಳ್ಳುವಷ್ಟು ಹೊಳಪು ಕೊಟ್ಟಿದ್ದಳು. ಒಂದು ಗೀರು ಬಿದ್ದರೂ ಇನ್ನು ಮೇಲೆ ಸಂತೆಗೆ ನಡೆದೇ ಹೋಗುವೆಯಂತೆ ಎಂದು ಹೇಳಿ ಬೀಗದ ಕೈ ಕೊಟ್ಟಿದ್ದಳು.

ಗುಡ್ಡ ಹತ್ತಿ, ಅದೇ ಓಕ್ ಮರದ ಬುಡದಲ್ಲಿ ಕುರ್ಚಿ ಬಿಡಿಸಿ ಕೂತ. ಸುತ್ತ ಡಾಗ್‌ವುಡ್ ಮರಗಳು ಬಿಳಿ ಹೂ ಬಿಟ್ಟಿದ್ದವು, ಎಲೆ ಅಲ್ಲಾಡುತ್ತಿರಲಿಲ್ಲ. ಎಂಥ ಸುಖ ಎಂದುಕೊಂಡು ಎದೆತುಂಬ ಉಸಿರೆಳೆದ.

ಕುರ್ಚಿ, “ಕಿಯ್ಕ್,” ಎಂದಿತು.

ವರ್ಲಿನ್ ಉಸಿರು ಹಿಡಿದ. ಕಾಡು ಸುಮ್ಮನಿತ್ತು. ಎಷ್ಟು ಹೊತ್ತು ಹಿಡಿದಾನು? ಮೆಲ್ಲಗೆ ಬಿಟ್ಟ. “ಕಿಯ್ಕ್, ಕಿಯ್ಕ್.” ಕುರ್ಚಿ ವಾಪಸ್ ಕೊಟ್ಟವನು ಯಂತ್ರದ ಸದ್ದಿನಲ್ಲಿ ಏನು ಹೇಳಿದ್ದನೆಂದು ಈಗ ತಿಳಿಯಿತು. ಹೊಟ್ಟೆ ಉಬ್ಬಿದರೆ ಒಂದು ಸಲ, ಇಳಿದರೆ ಎರಡು ಸಲ. ವರ್ಲಿನ್ ಟ್ಯಾಕೆಟ್ ಬದುಕಿದ್ದಾನೆಂದು ಆ ಕುರ್ಚಿ ಇಡೀ ಕಣಿವೆಗೆ ಡಂಗುರ ಹೊಡೆಯುತ್ತಿತ್ತು. ಎದ್ದರೆ ಬೇರಿನ ಮೇಲೆ ಕೂರಬೇಕು, ಬೇರಿನ ಮೇಲೆ ಕೂತರೆ ಅಲ್ಲಾಡಬೇಕು. ಹನ್ನೊಂದಾಯಿತು, ಹನ್ನೆರಡಾಯಿತು. ಅವನು ಅರ್ಧ ಉಸಿರಿನಲ್ಲಿ ಬದುಕುವುದನ್ನು ಕಲಿತ. ಹೇಂಟೆಯ ದನಿ ತೆಗೆಯುವ ತನ್ನ ಮರದ ಪೆಟ್ಟಿಗೆಯನ್ನು ಎರಡು ಸಲ ಉಜ್ಜಿದ. ಯಾರೂ ಓಗೊಡಲಿಲ್ಲ. ಬಾವ ಪೆಟ್ಟಿಗೆ ಉಜ್ಜಿದರೆ ಹಕ್ಕಿಗಳು ಊರು ಬಿಡುತ್ತವೆ ಎಂದು ರಾಯ್ಸ್ ಹೇಳಿಕೊಂಡು ತಿರುಗುವುದು ನೆನಪಾಗಿ, ತಡೆಯಲಾರದೆ ಒಂದು ಪೂರ್ತಿ ನಿಟ್ಟುಸಿರು ಬಿಟ್ಟ.

“ಕಿಯ್ಕ್, ಕಿಯ್ಕ್, ಕಿಯ್ಕ್.”

ಕಣಿವೆಯಿಂದ ಗುಳುಗುಳು ಎಂದು ಉತ್ತರ ಬಂತು.

ವರ್ಲಿನ್‌ನ ಕೂದಲು ನೆಟ್ಟಗಾಯಿತು. ಗುಡ್ಡದ ಹೇಂಟೆಗಳೆಲ್ಲ ಮೊಟ್ಟೆಯ ಮೇಲೆ ಕೂತಿದ್ದ ಕಾಲ. ವಾರದಿಂದ ಆ ಹುಂಜದ ಜೊತೆ ಮಾತಾಡಿದ ಹೆಣ್ಣೆಂದರೆ ಈ ಕುರ್ಚಿಯೇ. ಅವನು ಮತ್ತೆ ಉಸಿರಾಡಿದ, ಈಗ ಬೇಕೆಂದೇ. ಕುರ್ಚಿ ಕರೆಯಿತು. ಹುಂಜ ಕೂಗಿತು, ಇನ್ನೂ ಹತ್ತಿರದಿಂದ. ಹನ್ನೆರಡೂವರೆ. ಒಣಗಿದೆಲೆಯ ಮೇಲೆ ಹೆಜ್ಜೆ ಸದ್ದು. ಹನ್ನೆರಡು ನಲವತ್ತು. ಸದ್ದು ಎದುರಿನಿಂದಲ್ಲ, ಬೆನ್ನ ಹಿಂದಿನಿಂದ ಬರುತ್ತಿತ್ತು. ಕುರ್ಚಿಯ ಒರಗು ಎಷ್ಟು ಆಳವಾಗಿತ್ತೆಂದರೆ, ತಿರುಗಬೇಕಾದರೆ ಪೂರ್ತಿ ಎದ್ದೇ ತಿರುಗಬೇಕು. ಮೂಗಿನ ತುದಿಯಲ್ಲಿ ಒಂದು ಬೆವರ ಹನಿ ಬೀಳಲೋ ಬೇಡವೋ ಎಂದು ನೇತಾಡುತ್ತಿತ್ತು.

ಹುಂಜ ಮರವನ್ನು ಬಳಸಿ ಬಂತು. ಬಾಲ ಬಿಚ್ಚಿ, ರೆಕ್ಕೆ ನೆಲಕ್ಕೆ ಉಜ್ಜುತ್ತ, ಮದುವೆ ಗಂಡಿನ ಠೀವಿಯಲ್ಲಿ. ಹತ್ತು ಹೆಜ್ಜೆ ದೂರದಲ್ಲಿ ಅವನೆದುರಿಗೇ ನಿಂತಿತು. ಹನ್ನೆರಡು ಐವತ್ತಾರು. ವರ್ಲಿನ್ ಒಂದೊಂದೇ ಕೂದಲೆಳೆಯಷ್ಟು ನಿಧಾನಕ್ಕೆ ಕೋವಿ ಎತ್ತಿದ. ಗುರಿಯ ತುದಿಯಲ್ಲಿ ಹುಂಜದ ಕೆಂಪು ತಲೆ, ತಲೆಯ ಹಿಂದೆ, ಕೆಳಗೆ ದೂರದಲ್ಲಿ, ಐಡೆಲ್ಲಾ ಅಜ್ಜಿಯ ಅಡುಗೆಮನೆಯ ಬಿಳಿ ಗೋಡೆ.

ಎರಡು ಹೆಜ್ಜೆ ಸರಿ ಮಹಾರಾಯ, ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಹುಂಜ ಸರಿಯಲಿಲ್ಲ. ಅದರ ಕಣ್ಣು ಕುರ್ಚಿಯ ಮೇಲಿತ್ತು. ಐವತ್ತೆಂಟು. ಐವತ್ತೊಂಬತ್ತು. ಕೊನೆಗೆ ಹುಂಜ ಎಡಕ್ಕೆ ಎರಡು ಹೆಜ್ಜೆ ಹಾಕಿ, ಗೋಡೆ ಬಿಟ್ಟು, ಬರಿಯ ಗುಡ್ಡದ ಎದುರು ಕತ್ತು ಚಾಚಿ ನಿಂತಾಗ ವರ್ಲಿನ್ ಕೈಗಡಿಯಾರ ನೋಡಿದ. ಒಂದು ಗಂಟೆ ದಾಟಿ ಹತ್ತು ಸೆಕೆಂಡು.

ಸುತ್ತ ನರಪಿಳ್ಳೆ ಇರಲಿಲ್ಲ. ಯಾರು ಕೇಳುತ್ತಿದ್ದರು? ಆದರೆ ಮೂವತ್ತು ವರ್ಷ ಅವನ ಬಸ್ಸು ಒಂದು ನಿಮಿಷವೂ ತಡವಾಗಿರಲಿಲ್ಲ, ಓಡಿ ಬಂದ ಮಕ್ಕಳಿಗೂ ಕಾದಿರಲಿಲ್ಲ. ಆ ಮಕ್ಕಳ ಮುಖಗಳೆಲ್ಲ ಒಟ್ಟಿಗೆ ನೆನಪಾದವು. ವರ್ಲಿನ್ ಕೋವಿಯ ತೋಟಾ ತೆಗೆದು ಜೇಬಿಗೆ ಹಾಕಿಕೊಂಡು, ಕುರ್ಚಿ ಮಡಿಸಿ ಹೆಗಲಿಗೇರಿಸಿ, ಇಪ್ಪತ್ತೆರಡು ವಸಂತಗಳನ್ನು ಅಲ್ಲೇ ಬಿಟ್ಟು ಗುಡ್ಡ ಇಳಿಯತೊಡಗಿದ. ಹೆಜ್ಜೆಗೊಂದು ಸಲ ಕುರ್ಚಿ ಕಿಯ್ಕ್ ಎನ್ನುತ್ತಿತ್ತು. ಅರ್ಧ ಇಳಿದ ಮೇಲೆ ತಿರುಗಿ ನೋಡಿದರೆ ಹುಂಜ ಹಿಂದೆಯೇ ಬರುತ್ತಿತ್ತು, ಬಾಲ ಬಿಚ್ಚಿಕೊಂಡೇ.

ಐಡೆಲ್ಲಾ ಅಜ್ಜಿ ಪೊರಕೆ ಹಿಡಿದು ಜಗಲಿಯಲ್ಲಿ ಕಾಯುತ್ತಿದ್ದಳು. ಮೆರವಣಿಗೆ ಅಂಗಳಕ್ಕೆ ಬಂದಾಗ ಪೊರಕೆ ಇಳಿಸಿದಳು. ವರ್ಲಿನ್ ಕುರ್ಚಿಯನ್ನು ಜಗಲಿಯಲ್ಲಿಟ್ಟು ತಪ್ಪೊಪ್ಪಿಕೊಂಡ, ಒಂದೂ ಬಿಡದೆ ಎಲ್ಲ ಹೇಳಿದ. ಅಜ್ಜಿ ಕುರ್ಚಿಯಲ್ಲಿ ಕೂತು ನೋಡಿದಳು. ಕುರ್ಚಿ ಕರೆಯಿತು, ಹುಂಜ ಮೆಟ್ಟಿಲ ಬುಡದಲ್ಲಿ ಮೆತ್ತಗೆ ಒಂದು ಸುತ್ತು ಕುಣಿಯಿತು.

“ನಾನಿದನ್ನ ರೌಡಿ ಅಂದ್ಕೊಂಡಿದ್ದೆ ಕಣೋ,” ಎಂದಳು. “ಇದು ಒಂಟಿ. ಲೆಸ್ಟರ್ ಹೋದ್ಮೇಲೆ ಆ ವರ್ಷ ನಾನೂ ಸಿಕ್ಕಿದವರ ಮೇಲೆಲ್ಲ ಹಾರಾಡ್ತಿದ್ದೆ. ಇದನ್ನ ಯಾರೂ ಹೊಡೆಯೋ ಹಾಗಿಲ್ಲ. ರಾಯ್ಸೂ ಇಲ್ಲ, ನೀನೂ ಇಲ್ಲ.”

“ಗುಡ್ಡ, ಅಜ್ಜಿ?”

“ಗುಡ್ಡ ನಿಂದೇ. ಬೇರೆ ಹುಂಜ ಬಂದ್ರೆ ಹೊಡ್ಕೋ. ಕುರ್ಚಿ ಮಾತ್ರ ಇಲ್ಲಿರ್ಲಿ.”

ಆ ಗುಡ್ಡದಲ್ಲಿ ಬೇರೆ ಹುಂಜ ಉಳಿದಿರಲಿಲ್ಲ, ಅದನ್ನು ಎತ್ತುವ ಹೊತ್ತು ಇದಲ್ಲವೆಂದು ವರ್ಲಿನ್‌ಗೆ ಗೊತ್ತಿತ್ತು. ಗುಡ್ಡ ಉಳಿಯಿತಲ್ಲ. ಅಜ್ಜಿ ಹೇಳಿದಂತೆ ಹನ್ನೊಂದು ದಿನದ ಕಾಗದ ತರಲು ಅಂಚೆಡಬ್ಬಿಗೆ ಹೋದ. ಹೋಗುವಾಗ ರಾಯ್ಸ್‌ಗೆ ಏನೇನು ಹೇಳಬೇಕೆಂದು ಸಾಲು ಸಾಲಾಗಿ ಜೋಡಿಸಿಕೊಂಡ, ಸೀಟಿಯನ್ನೂ ಹಾಕಿದ.

ಕಾಗದದ ಕಟ್ಟು ಹಿಡಿದು ತಿರುಗಿ ಬಂದಾಗ ಅಜ್ಜಿ ಕುರ್ಚಿಯಲ್ಲಿ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದಳು. ಸದ್ದಿರಲಿಲ್ಲ. ಪಕ್ಕದಲ್ಲಿ ಹೊಲಿಗೆ ಯಂತ್ರದ ಎಣ್ಣೆಡಬ್ಬಿ ಇತ್ತು.

“ಕುರ್ಚಿ ಚೆನ್ನಾಗಿದೆ, ಕಿರಿಕಿರಿ ಒಂದಿತ್ತು ನೋಡು,” ಎಂದಳು ಅಜ್ಜಿ. “ಸಂದಿಗೆಲ್ಲ ಎಣ್ಣೆ ಬಿಟ್ಟೆ. ಈಗ ಎಷ್ಟು ಹಾಯಾಗಿದೆ.”

“ಹುಂಜ ಎಲ್ಲಿ?”

“ಸ್ವಲ್ಪ ಹೊತ್ತು ಕುರ್ಚೀನೇ ನೋಡ್ತು. ಆಮೇಲೆ ಮುನಿಸ್ಕೊಂಡು ಆ ಕಡೆ ಹೋಯ್ತು.”

ಆ ಕಡೆಯಿಂದ ಢಣ್ ಎಂಬ ಸದ್ದು ಬಂತು. ಅಜ್ಜಿಯ ಕಾರಿನ ಮೇಲೆ ಕೌದಿ ಹಾಗೇ ಇತ್ತು. ಅಂಗಳದಲ್ಲಿ ಬಿಂಬ ತೋರಿಸುವ ಬಾಗಿಲೆಂದರೆ ಇನ್ನೊಂದೇ, ಲೋರ್ನಾಳ ಪಿಕಪ್ಪಿನದು.

“ಅಜ್ಜಿ, ಆ ಪೊರಕೆ ಕೊಡಿ,” ಎಂದ ವರ್ಲಿನ್.

“ಬೇಡ್ವೋ, ಹೆದರಿಸ್ಬೇಡ. ಈಗ ತಾನೇ ಮನಸ್ಸು ಮುರ್ಕೊಂಡಿದೆ ಪಾಪ,” ಎಂದಳು ಅಜ್ಜಿ, ಮೊದಲ ಕಾಗದ ಒಡೆಯುತ್ತ. “ನನ್ನ ಕಾರನ್ನ ಒಂದು ಗಂಟೆ ಹೊತ್ತು ಕುಕ್ತಿತ್ತು. ಕೂತ್ಕೋ, ತಾನಾಗೇ ಬಿಡುತ್ತೆ.”

ವರ್ಲಿನ್ ಕೂರಲು ಸುತ್ತ ನೋಡಿದ. ಜಗಲಿಯಲ್ಲಿದ್ದದ್ದು ಒಂದೇ ಕುರ್ಚಿ. ಅಂಗಳದ ಓಕ್ ಮರಕ್ಕೆ ಬೆನ್ನು ಕೊಟ್ಟು, ಬೇರಿನ ಮೇಲೆ ಮೆಲ್ಲಗೆ ಇಳಿದ. ಎಡಗಾಲು ಆಗಲೇ ಜುಮ್ಮೆನ್ನತೊಡಗಿತ್ತು. ಬಾಗಿಲ ಮೇಲೆ ಮತ್ತೆ ಢಣ್ ಎಂದಿತು, ಅವನು ಒಂದಂಗುಲ ಸರಿದು ಕೂತ.