ಮಿಕ್ಕ ಮಲ್ಲಿಗೆ

ಯಾರಿಗೂ ಹೇಳದ ಒಂದು ವಿಷಯ ನಿಮಗೆ ಹೇಳಿಬಿಡುತ್ತೇನೆ. ನನ್ನ ವ್ಯಾಪಾರ ಕೆಟ್ಟ ದಿನ ನನ್ನ ಭಕ್ತಿ ಹೆಚ್ಚು. ಭಟ್ಕಳದ ಹತ್ತಿರದ ಬೆಳಕೆ ಊರಿನ ನಮ್ಮ ಹಿತ್ತಲಲ್ಲಿ ಒಂದಷ್ಟು ಮಲ್ಲಿಗೆ ಗಿಡಗಳಿವೆ. ಬೆಳಿಗ್ಗೆ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಎಲೆಯಲ್ಲಿ ಸುತ್ತಿ ಕೊಟ್ಟರೆ ನಮ್ಮ ಮನೆಯವರು ಕೆಲಸಕ್ಕೆ ಹೋಗುವಾಗ ಭಟ್ಕಳದ ಹೂವಿನಂಗಡಿಗೆ ಮುಟ್ಟಿಸುತ್ತಾರೆ. ಮಾರಾಟವಾಗದ್ದು ಸಂಜೆ ಅದೇ ಸ್ಕೂಟರಿನಲ್ಲಿ ವಾಪಸು. ಅಷ್ಟೊತ್ತಿಗೆ ಅರಳಿ ಸುಸ್ತಾಗಿರುತ್ತದೆ. ಅದನ್ನು ಗಣಪತಿಗೆ ಏರಿಸಿ, "ಇವತ್ತು ನಿನಗೇ ಬೇಕಿತ್ತು" ಎಂದು ಕೈ ಮುಗಿದರೆ ನನ್ನ ಮನಸ್ಸು ಹಗುರ. ಫ್ರಿಜ್ಜಿನಲ್ಲಿಡಬಹುದಲ್ಲ ಎನ್ನಬೇಡಿ. ಒಮ್ಮೆ ಇಟ್ಟು ನೋಡಿದ್ದೇನೆ. ಮೊಗ್ಗು ಕಪ್ಪಾಯಿತು, ಹಾಲಿಗೆ ವಾಸನೆ ಹತ್ತಿ ಎರಡು ದಿನ ಚಹಾ ಮಾತ್ರ ಘಮಘಮಿಸಿತು.

ಹೀಗೆ ಎಲ್ಲದರಲ್ಲೂ ಒಂದು ಒಳ್ಳೆಯದನ್ನು ಹುಡುಕುವುದು ನನ್ನ ಅಭ್ಯಾಸ. ಮಳೆಗೆ ಮೊಗ್ಗು ಉದುರಿದರೆ, ಕೊಯ್ಯುವ ಸೊಂಟನೋವು ತಪ್ಪಿತು. ಹುಳ ಬಿದ್ದರೆ, ಒಳ್ಳೆ ಗಿಡ ಯಾವುದೆಂದು ಹುಳಕ್ಕೂ ಗೊತ್ತಾಯಿತು. "ಮನೆ ಬಿತ್ತು ಅಂದ್ರೂ ಗಾಳಿ ಚಲೋ ಬರ್ತದೆ ಅನ್ನೋಳು ನೀನು" ಎಂದು ನಮ್ಮ ಮನೆಯವರು ಹಂಗಿಸುತ್ತಾರೆ. ಗಾಳಿ ಬಂದರೆ ಬಂತು ಎನ್ನಲೇಬೇಕಲ್ಲ.

ಕಳೆದ ಬೇಸಿಗೆಯಲ್ಲಿ ಈ ಅಭ್ಯಾಸಕ್ಕೆ ಸರಿಯಾದ ಪರೀಕ್ಷೆ ಬಂತು. ಭಟ್ಕಳದ ಜುಬೇದಾಬಾಯಿ ತಮ್ಮ ಮಗಳ ಮದುವೆಗೆ ಐವತ್ತು ಮೊಳ ಹೂವು ಹೇಳಿದ್ದರು. ದೊಡ್ಡ ಮನೆ, ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳು ಇನ್ನೂ ಮೂವರು. ಈ ಮನೆ ಹಿಡಿದರೆ ನಾಲ್ಕು ಮದುವೆಯ ಹೂವು ನನ್ನದೇ. ನಮ್ಮ ಗಿಡದ್ದು ಸಾಲದೆಂದು ಪಕ್ಕದ ಮನೆಯ ನಾಗವೇಣಿಯ ಹೂವನ್ನೂ ಸೇರಿಸಿ, ಇಬ್ಬರೂ ಕೂತು ಕಟ್ಟಿ ಮುಗಿಸುವಷ್ಟರಲ್ಲಿ ಜುಬೇದಾಬಾಯಿಯ ಫೋನು.

"ಶಾರದಕ್ಕಾ, ಎಂತ ಹೇಳೂದು! ಮದುಮಗ ಇನ್ನೂ ದುಬೈಯಲ್ಲೇ ಇದ್ದಾನೆ. ನಿನ್ನೆ ವಿಮಾನ ಹಾರ್ಲಿಲ್ಲಂತೆ. ಮದುವೆ ನಾಡಿದ್ದಿಗೆ ಹೋಯ್ತು."

ಮದುಮಗ ಎರಡು ದಿನ ಕಾಯಬಲ್ಲ, ಮೊಗ್ಗು ಕಾಯುವುದಿಲ್ಲ. ಅವತ್ತು ಬೇರೆ ಮದುವೆಯೂ ಇರಲಿಲ್ಲ. ಹೂವಿನಂಗಡಿಯವಳು ಹತ್ತು ಮೊಳ ಇಟ್ಟುಕೊಂಡು, ಉಳಿದದ್ದನ್ನು ತಾನು ಯಾರ ತಲೆಗೆ ಕಟ್ಟಲಿ ಎಂದಳಂತೆ. ನಲವತ್ತು ಮೊಳ ವಾಪಸು ಬಂತು. ಅಷ್ಟನ್ನೂ ದೇವರಿಗೆ ಏರಿಸಿದೆ. ಸಂಜೆ ಬಂದ ನಾಗವೇಣಿ ದೇವರ ಮಂಟಪ ನೋಡಿ ನಿಂತುಬಿಟ್ಟಳು.

"ಗಣಪತಿ ಎಲ್ಲಿ ಮಾರಾಯ್ತಿ? ಉಸಿರಾಡ್ತಾ ಇದ್ದಾನಾ ನೋಡು ಒಂದ್ಸಲ."

"ಅವನಿಗೇ ಬೇಕಿತ್ತು ನಾಗವೇಣಿ."

"ಬೇಕಿದ್ರೆ ನಿನ್ನ ಹೂವು ತಕ್ಕೊಳ್ಳಲಿ, ನನ್ನದು ಎಂತಕ್ಕೆ? ನಾಡಿದ್ದೂ ಹಿಂಗೇ ಆದ್ರೆ ನಾನಂತೂ ಇನ್ನು ಕೊಡೂದಿಲ್ಲ, ಆತಾ?"

ಆತು ಎಂದೆ. ಆದರೆ ಗಿಡಗಳನ್ನೆಲ್ಲ ಬೋಳಿಸಿಯಾಗಿತ್ತು. ಎರಡೇ ದಿನದಲ್ಲಿ ಮತ್ತೆ ಅಷ್ಟು ಮೊಗ್ಗು ಎಲ್ಲಿಂದ ಬರಬೇಕು? ಸಣ್ಣ ಸಣ್ಣ ಹಸಿರು ಮೊಗ್ಗುಗಳನ್ನು ದಿನಕ್ಕೆ ನಾಲ್ಕು ಸಲ ಹೋಗಿ ಮಾತಾಡಿಸಿ ಬಂದೆ. ಎಲ್ಲದರಲ್ಲೂ ಒಳ್ಳೆಯದನ್ನು ಹುಡುಕುವ ನನಗೆ ಆ ಎರಡು ದಿನ ಒಂದೂ ಸಿಗಲಿಲ್ಲ.

ದೇವರು ದೊಡ್ಡವನು. ಮದುವೆಯ ದಿನ ಬೆಳಿಗ್ಗೆ ಎರಡೂ ಹಿತ್ತಲು ಸೇರಿ ಐವತ್ತು ಮೊಳವಾಗಿ, ಮೇಲೆ ಒಂದು ಮೊಳ ಮಿಕ್ಕಿತು. ಹೂವು ಕಳಿಸಿ, ಮಿಂದು, ಪೂಜೆಗೆ ನಿಂತರೆ ಗಣಪತಿಯ ಮೈಮೇಲೆ ಮೊನ್ನೆಯ ಹೂವು ಕಂದು ಹಿಡಿದು ಕೂತಿದೆ. ಮದುವೆಯ ಗಡಿಬಿಡಿಯಲ್ಲಿ ತೆಗೆಯಲೂ ಮರೆತಿದ್ದೆ. ಆಗ ಹೊಳೆಯಿತು ನೋಡಿ: ಇಷ್ಟು ವರ್ಷದಲ್ಲಿ ಇನ್ನೊಬ್ಬರು ಬೇಡವೆನ್ನದ ಹೂವನ್ನು ನಾನು ಇವನಿಗೆ ಒಂದು ದಿನವೂ ಕೊಟ್ಟಿಲ್ಲ. ದೇವರಕೋಣೆಯೆಂದರೆ ನನ್ನ ಗೋದಾಮು. ಕಣ್ಣಲ್ಲಿ ನೀರೇ ಬಂತು. ಹಳೆಯದನ್ನೆಲ್ಲ ತೆಗೆದು, ಮಿಕ್ಕ ಆ ಒಂದು ಮೊಳ, ಬಿರಿಯದ ಮೊಗ್ಗಿನದು, ಕೈಯಲ್ಲಿ ಹಿಡಿದೆ. ಫೋನು ಹೊಡೆದುಕೊಂಡಿತು.

"ಶಾರದಕ್ಕಾ, ಹೂವು ಬಹಳ ಚಲೋ ಉಂಟು. ಆದ್ರೆ ನಮ್ಮ ಅತ್ತೆ, ಎಂಬತ್ತೈದು ವರ್ಷ, ಈ ಪ್ರಾಯದಲ್ಲಿ ಹೂವು ಎಂತಕ್ಕೆ ಅಂತ ನಾನು ಲೆಕ್ಕಕ್ಕೆ ಹಿಡೀಲಿಲ್ಲ. ಈಗ ತಿಂಡಿ ಬಿಟ್ಟು ಮುಖ ಊದಿಸಿ ಕೂತಿದ್ದಾರೆ. ಒಂದೇ ಒಂದು ಮೊಳ ಸಿಕ್ಕೀತಾ?"

ನಾನು ಗಣಪತಿಯನ್ನು ನೋಡಿದೆ. ಅವನು ನನ್ನನ್ನು ನೋಡಿದ. ಇನ್ನೂ ಏರಿಸಿರಲಿಲ್ಲವಲ್ಲ ಎಂದು ವಕೀಲರ ಹಾಗೆ ಮನಸ್ಸಿನಲ್ಲೇ ವಾದಿಸಿ, ಬೇಲಿಯ ದಾಸವಾಳ ಒಂದನ್ನು ಅವನಿಗಿಟ್ಟು, ಬಸ್ಸು ಹತ್ತಿದೆ.

ಅಜ್ಜಿ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಹೂವು ಕೈಗೆ ಕೊಟ್ಟೆ. ಮೂಸಿದರು. ಆಮೇಲೆ ಮೊಣಕೈಯಿಂದ ಬೆರಳ ತುದಿಗೆ ಅಳೆದು ನೋಡಿ, ತಮ್ಮ ನವಾಯತಿ ಭಾಷೆಯಲ್ಲಿ ಏನೋ ಅಂದರು. ಜುಬೇದಾಬಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ನಿಮ್ಮ ಕೈ ಗಿಡ್ಡ ಅಂತೆ ಶಾರದಕ್ಕಾ, ನಾಲ್ಕು ಬೆರಳು ಕಮ್ಮಿ ಬಂತಂತೆ!" ಆದರೂ ಬೆಳ್ಳಿಕೂದಲಿನ ಸಣ್ಣ ಗಂಟಿಗೆ ನನ್ನ ಕೈಯಲ್ಲೇ ಮುಡಿಸಿಕೊಂಡರು. ಹೊರಡುವಾಗ ಜುಬೇದಾಬಾಯಿ, "ಉಳಿದ ಮೂರು ಮದುವೆಗೂ ನೀವೇ, ಆತಾ?" ಎಂದರು. ನಾಗವೇಣಿಗೆ ಬಸ್ಸಿನಿಂದಲೇ ಫೋನು ಮಾಡಿದೆ.

ಸಂಜೆ ದೀಪ ಹಚ್ಚಿ, ಗಲ್ಲ ಬಡಿದುಕೊಂಡು, "ಇನ್ನು ಮೇಲೆ ಕಟ್ಟಿದ ಮೊದಲ ಮೊಳ ನಿನಗೇ" ಎಂದು ಗಣಪತಿಗೆ ಹೇಳಿಕೊಂಡೆ. ಮನಸ್ಸಿಟ್ಟೇ ಹೇಳಿದೆ. ಆದರೆ ಹೇಳಿ ಮುಗಿಸುವ ಮೊದಲೇ ಅದೇ ಮನಸ್ಸು, ಆ ಮನೆಯಲ್ಲಿ ಲೆಕ್ಕಕ್ಕೆ ಸಿಗದೆ ಕೂತಿರುವ ಅಜ್ಜಿಯರು ಇನ್ನೂ ಎಷ್ಟಿದ್ದಾರೆಂದು ಜುಬೇದಾಬಾಯಿಯನ್ನು ಕೇಳಿಟ್ಟುಕೊಳ್ಳಬೇಕಿತ್ತು ಎನ್ನುತ್ತಿತ್ತು.